ಗೃಧ್ರಸಿ ನೋವಿಗೆ ಭಂಗಿ ಸೊಪ್ಪು: ಹಳೆಯ ಮಾತು, ಹೊಸ ಪರೀಕ್ಷೆ

ಹಾಸನ ಸಮೀಪದ ಬೂವನಹಳ್ಳಿಯಂಥ ಊರುಗಳಲ್ಲಿ ಆಲೂಗಡ್ಡೆ ಮೂಟೆ ಎತ್ತುವಾಗ ಸೊಂಟ ಹಿಡಿದುಕೊಂಡವರು ಅಪರೂಪವೇನಲ್ಲ. ಕೆಲವರಿಗೆ ಆ ನೋವು ಸೊಂಟದಲ್ಲೇ ನಿಲ್ಲುವುದಿಲ್ಲ. ತೊಡೆಯ ಹಿಂಭಾಗ, ಮೀನಖಂಡ, ಪಾದದವರೆಗೂ ಉರಿಯುತ್ತಾ ಇಳಿಯುತ್ತದೆ. ‘ನರ ಹಿಡಿದಿದೆ’ ಎನ್ನುತ್ತಾರೆ ಮನೆಯವರು. ಡಾಕ್ಟರು ಹೇಳುವ ಹೆಸರು ಸಯಾಟಿಕಾ, ಆಯುರ್ವೇದ ಪಂಡಿತರು ಹೇಳುವುದು ಗೃಧ್ರಸಿ.

ಈ ನೋವಿಗೆ ಗಾಂಜಾ ಗಿಡದ ಎಣ್ಣೆ ಒಳ್ಳೆಯದೆಂಬ ಮಾತು ಈಚೆಗೆ ಹಬ್ಬಿದೆ. 2020ರಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಇಂಥ ಔಷಧಿ ಕೊಡುವ ಚಿಕಿತ್ಸಾಲಯವೂ ಆರಂಭವಾಯಿತು. ‘ನಮ್ಮ ಹಿಂದಿನವರಿಗೆ ಇದೆಲ್ಲ ಗೊತ್ತಿತ್ತು’ ಎಂಬ ಸಮರ್ಥನೆ ಈ ಮಾತಿನ ಜೊತೆಗೇ ಬರುತ್ತದೆ. ಅದು ಅರ್ಧ ಮಾತ್ರ ನಿಜ.

ನೋವಿನ ಪರಿಚಯ ಹಿಂದಿನವರಿಗೆ ಚೆನ್ನಾಗಿಯೇ ಇತ್ತು. ಚರಕ ಸಂಹಿತೆಯ ವಾತವ್ಯಾಧಿ ಅಧ್ಯಾಯದಲ್ಲಿ ಗೃಧ್ರಸಿ ಪೃಷ್ಠದಿಂದ ಪಾದದವರೆಗೆ ಇಳಿಯುವ ಹಾದಿಯ ವರ್ಣನೆಯಿದೆ. ಗೃಧ್ರವೆಂದರೆ ಹದ್ದು, ರೋಗಿ ಕಾಲೆಳೆದು ನಡೆಯುವ ರೀತಿಯಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ಯೂರೋಪಿನಲ್ಲಿ ಇದು ಕೀಲಿನ ನೋವಲ್ಲ, ನರದ್ದು ಎಂದು ಇಟಲಿಯ ಕೊಟುನ್ಯೊ ವಿವರಿಸಿದ್ದು 1764ರಲ್ಲಿ. ಬೆನ್ನೆಲುಬಿನ ಮಣಿಗಳ ನಡುವಣ ಮೆತ್ತೆ ಸರಿದು ನರದ ಬುಡವನ್ನು ಒತ್ತುವುದೇ ಇದಕ್ಕೆ ಮುಖ್ಯ ಕಾರಣವೆಂಬುದು 1934ರಲ್ಲಿ ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ಅವರ ಬರಹದಿಂದ ಸ್ಪಷ್ಟವಾಯಿತು.

ಆದರೆ ಚರಕ ಗೃಧ್ರಸಿಗೆ ಹೇಳುವ ಚಿಕಿತ್ಸೆ ರಕ್ತ ತೆಗೆಯುವುದು, ಬಸ್ತಿ ಮತ್ತು ಸುಡುವ ಕ್ರಮ. ಭಂಗಿಯ ಮಾತಿಲ್ಲ. ಭಂಗಿ ಔಷಧಿಯಾಗಿ ಎದ್ದು ಕಾಣುವುದು ಮಧ್ಯಯುಗದ ಗ್ರಂಥಗಳಲ್ಲಿ. ಜೀರ್ಣವಾಗುವ ಮೊದಲೇ ಮೈಯೆಲ್ಲ ವ್ಯಾಪಿಸುವ ದ್ರವ್ಯಕ್ಕೆ ಶಾರ್ಙ್ಗಧರ ಸಂಹಿತೆ ಅಫೀಮಿನ ಜೊತೆ ಭಂಗಿಯನ್ನೇ ಉದಾಹರಣೆ ಕೊಡುತ್ತದೆ. ಗ್ರಂಥ ಹಳೆಯದು, ಗಿಡವೂ ಹಳೆಯದು. ಅಷ್ಟರಿಂದ ಈ ರೋಗಕ್ಕೆ ಈ ಗಿಡ ಮದ್ದೆಂದು ಸಿದ್ಧವಾಗುವುದಿಲ್ಲ.

ಭಂಗಿಯನ್ನು ಪಾಶ್ಚಾತ್ಯ ವೈದ್ಯಕ್ಕೆ ಪರಿಚಯಿಸಿದವನು ಕಲ್ಕತ್ತೆಯಲ್ಲಿದ್ದ ಡಾ. ಓಶಾನೆಸ್ಸಿ. ಮೊದಲು ಪ್ರಾಣಿಗಳ ಮೇಲೆ, ಅನಂತರ ಸಂಧಿವಾತ, ಧನುರ್ವಾಯು ರೋಗಿಗಳ ಮೇಲೆ ಪ್ರಯೋಗಿಸಿ 1839ರಲ್ಲಿ ವರದಿ ಮಂಡಿಸಿದ. ಮದ್ದು ಕುಡಿದ ಒಬ್ಬ ಸಂಧಿವಾತ ರೋಗಿಯ ತೋಳನ್ನು ನಾಡಿ ನೋಡಲೆಂದು ಎತ್ತಿದರೆ, ಎತ್ತಿದ ಕಡೆಯೇ ಅದು ನಿಂತುಬಿಟ್ಟಿತಂತೆ! ಅಲ್ಲಿಂದ ಭಂಗಿಯ ಕಷಾಯ ಲಂಡನ್ನಿನ ಔಷಧಿ ಅಂಗಡಿಗಳನ್ನು ಸೇರಿತು.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಬಳಸಿದ ರಸ್ಸೆಲ್ ರೆನಾಲ್ಡ್ಸ್ ರಾಣಿ ವಿಕ್ಟೋರಿಯಾಳ ವೈದ್ಯರಲ್ಲೊಬ್ಬ. (ರಾಣಿಯೂ ಅದನ್ನು ಸೇವಿಸಿದಳೆಂಬ ಕಥೆಗೆ ಆಧಾರವಿಲ್ಲ.) 1890ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಆತ ಬರೆದ ಲೇಖನವನ್ನು ಗಾಂಜಾ ಪಕ್ಷಪಾತಿಗಳು ಇಂದಿಗೂ ಸಾಕ್ಷಿಗೆ ಕರೆಯುತ್ತಾರೆ. ಅರೆತಲೆನೋವಿಗೆ, ಹಲವು ಬಗೆಯ ನರಶೂಲೆಗಳಿಗೆ ಇದು ಉತ್ತಮವೆಂದು ಅವನು ಹೊಗಳಿರುವುದು ಸರಿ. ಆದರೆ ಅದೇ ಲೇಖನದಲ್ಲಿ ಸಯಾಟಿಕಾಕ್ಕೆ ಇದು ಪ್ರಯೋಜನವಿಲ್ಲವೆಂದೂ ಬರೆದಿದ್ದಾನೆ. ಆ ಸಾಲನ್ನು ಮಾತ್ರ ಯಾರೂ ಎತ್ತುವುದಿಲ್ಲ.

ರೆನಾಲ್ಡ್ಸ್‌ಗೆ ಸಿಗುತ್ತಿದ್ದ ಮದ್ದಿನ ಸತ್ವ ಒಂದೊಂದು ಬಾರಿಗೆ ಒಂದೊಂದು ಬಗೆ. ಗಿಡದ ಅಮಲಿನ ಸಾರವಾದ ಟಿಎಚ್‌ಸಿಯನ್ನು ಇಸ್ರೇಲಿನ ಮೆಷೂಲಮ್ ಮತ್ತು ಗಾವೋನಿ 1964ರಲ್ಲಿ ಬೇರ್ಪಡಿಸಿದ ಮೇಲಷ್ಟೇ ಅಳೆದು ಕೊಟ್ಟು ನೋಡುವುದು ಸುಲಭವಾಯಿತು. ನಮ್ಮ ಮಿದುಳೇ ಇದನ್ನು ಹೋಲುವ ಒಂದು ವಸ್ತುವನ್ನು ತಯಾರಿಸುತ್ತದೆಂದು 1992ರಲ್ಲಿ ತಿಳಿದಾಗ, ಅದಕ್ಕೆ ಸಂಸ್ಕೃತದ ‘ಆನಂದ’ದಿಂದ ಅನಂದಮೈಡ್ ಎಂದು ಹೆಸರಿಟ್ಟರು.

ಸಯಾಟಿಕಾದ ಮೇಲೆಯೇ ನಡೆದ ಒಂದು ಪರೀಕ್ಷೆಯ ಫಲ 2018ರಲ್ಲಿ ಟೆಲ್ ಅವೀವ್‌ನಿಂದ ಬಂತು. ಸೊಂಟದಿಂದ ಕಾಲಿಗಿಳಿಯುವ ನರನೋವಿದ್ದ 15 ಗಂಡಸರಿಗೆ ಒಮ್ಮೆ ಟಿಎಚ್‌ಸಿ ಎಣ್ಣೆಯನ್ನೂ ಇನ್ನೊಮ್ಮೆ ಬರಿಯ ಎಣ್ಣೆಯನ್ನೂ ನಾಲಗೆಯಡಿ ಹಾಕಿದರು. ಯಾವುದು ಯಾವುದೆಂದು ರೋಗಿಗೆ ತಿಳಿಯದು. ನೂರಕ್ಕೆ ಸರಾಸರಿ 53 ಇದ್ದ ನೋವು ಮದ್ದಿನಿಂದ 35ಕ್ಕೆ ಇಳಿಯಿತು. ಬರಿಯ ಎಣ್ಣೆಯಿಂದಲೂ 43ಕ್ಕೆ ಇಳಿಯಿತು! ಮಿದುಳಿನ ಚಿತ್ರ ತೆಗೆದಾಗ, ನೋವಿನ ಸಂಕಟಕ್ಕೂ ಸ್ಪರ್ಶಜ್ಞಾನಕ್ಕೂ ಸಂಬಂಧಿಸಿದ ಭಾಗಗಳ ನಡುವಣ ಕೊಂಡಿ ಸಡಿಲಗೊಂಡದ್ದು ಕಂಡಿತು. ಒತ್ತಿಕೊಂಡ ನರಕ್ಕೆ ಮದ್ದು ಏನನ್ನೂ ಮಾಡಿತೆಂದು ಇದರಿಂದ ತಿಳಿಯುವುದಿಲ್ಲ.

ದೊಡ್ಡ ಪರೀಕ್ಷೆಗೆ ಮತ್ತೂ ಏಳು ವರ್ಷ ಕಾಯಬೇಕಾಯಿತು. ಜರ್ಮನಿಯ ಕಂಪನಿಯೊಂದರ ಗಾಂಜಾ ಸಾರವನ್ನು ಬಹುಕಾಲದ ಬೆನ್ನುನೋವಿನ 820 ರೋಗಿಗಳಲ್ಲಿ ಪರೀಕ್ಷಿಸಿದ ಫಲ 2025ರಲ್ಲಿ ಪ್ರಕಟವಾಯಿತು. ಹತ್ತರ ಅಳತೆಯಲ್ಲಿ ಹುಸಿ ಮದ್ದಿಗಿಂತ ಸುಮಾರು 0.6ರಷ್ಟು ಹೆಚ್ಚು ಶಮನ. ಲಾಭ ಸುಳ್ಳಲ್ಲ, ದೊಡ್ಡದೂ ಅಲ್ಲ. ಅದಕ್ಕೆ ಮೊದಲು, 2021ರಲ್ಲಿ, ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘ ನೋವಿಗೆ ಗಾಂಜಾ ಔಷಧಿಗಳನ್ನು ಅನುಮೋದಿಸುವಷ್ಟು ಪುರಾವೆ ಇಲ್ಲವೆಂದಿತ್ತು.

ಇಲ್ಲೊಂದು ತೊಡಕು. ಹೊಸದಾಗಿ ಬಂದ ಸಯಾಟಿಕಾ ಬಹುಮಂದಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ವಾರಗಳಲ್ಲಿ ಎಣ್ಣೆ ಕುಡಿದವನು ಎಣ್ಣೆಯನ್ನು ಹೊಗಳುತ್ತಾನೆ, ನಾಟಿ ವೈದ್ಯರ ಬಳಿ ನೀವಿಸಿಕೊಂಡವನು ಅವರ ಕೈಗುಣವನ್ನು.

ಕಾನೂನಿನ ವಿಚಾರವೂ ಸರಳವಲ್ಲ. 1985ರ ಮಾದಕ ದ್ರವ್ಯ ಕಾಯ್ದೆಯಲ್ಲಿ ಹೂ ಮತ್ತು ಕಾಯಿಯ ತುದಿಗಳು ಗಾಂಜಾ. ಬಿಡಿ ಎಲೆ, ಬೀಜಗಳು ಆ ವ್ಯಾಖ್ಯೆಗೆ ಹೊರಗು. 2022ರಲ್ಲಿ ಜಾಮೀನು ಅರ್ಜಿಯೊಂದರಲ್ಲಿ ಕರ್ನಾಟಕ ಹೈಕೋರ್ಟ್ ಭಾಂಗ್ ಈ ಕಾಯ್ದೆಗೆ ಒಳಪಡುವುದಿಲ್ಲವೆಂದು ಹೇಳಿತು. ಹಾಗೆಂದು ಅದು ಮನೆಮದ್ದಾಗಲಿಲ್ಲ: ಔಷಧ ನಿಯಮಗಳ ಪ್ರಕಾರ ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿ ಭಂಗಿಯಿದೆ, ಅದು ಸೇರಿದ ಮದ್ದನ್ನು ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕು. ಇನ್ನು ಕಾಲಿನ ಶಕ್ತಿ ಕುಂದಿದವರು, ತೊಡೆಸಂದು ಮರಗಟ್ಟಿ ಮೂತ್ರ ಕಟ್ಟಿಕೊಂಡವರು ಯಾವ ಎಣ್ಣೆಗೂ ಕಾಯುವಂತಿಲ್ಲ. ಅವರು ಅದೇ ದಿನ ಆಸ್ಪತ್ರೆಯಲ್ಲಿರಬೇಕು.