ಹಿಮ್ಮಡಿಯ ರಕ್ತ, ಆಸ್ಟಿನ್ನಿನ ಉಗ್ರಾಣ

ಟೆಕ್ಸಾಸಿನಲ್ಲಿ ಹುಟ್ಟುವ ಪ್ರತಿ ಕೂಸಿನ ಹಿಮ್ಮಡಿಯಿಂದ ಎರಡು ಸಲ ರಕ್ತ ತೆಗೆಯುವುದು ವಾಡಿಕೆ. ಮೊದಲ ಸಲ ಹುಟ್ಟಿದ 24ರಿಂದ 48 ಗಂಟೆಯೊಳಗೆ, ಎರಡನೆಯ ಸಲ ಒಂದೆರಡು ವಾರದಲ್ಲಿ. ನರ್ಸ್ ಹಿಮ್ಮಡಿಯನ್ನು ಬೆಚ್ಚಗೆ ಮಾಡಿ, ಅದರ ಅಂಚಿನಲ್ಲಿ ಚುಚ್ಚಿ, ಮೊದಲ ಹನಿಯನ್ನು ಒರೆಸಿ ತೆಗೆಯುತ್ತಾರೆ. ಆಮೇಲೆ ಬರುವ ಹನಿಗಳನ್ನು ದಪ್ಪನೆಯ ಫಿಲ್ಟರ್ ಕಾಗದದ ವೃತ್ತಗಳಲ್ಲಿ ಹಿಂಬದಿಯವರೆಗೂ ಇಂಗುವಂತೆ ತುಂಬಿಸುತ್ತಾರೆ. ಮಟ್ಟಸವಾಗಿಟ್ಟು ಒಣಗಿಸಿದ ಆ ಕಾರ್ಡು ಇರ್ವಿಂಗಿನದಾಗಲಿ, ಹ್ಯೂಸ್ಟನ್ನಿನದಾಗಲಿ, ಸೇರುವುದು ಆಸ್ಟಿನ್ನಿನಲ್ಲಿರುವ ರಾಜ್ಯ ಆರೋಗ್ಯ ಇಲಾಖೆಯ ಪ್ರಯೋಗಾಲಯಕ್ಕೆ. ಇರ್ವಿಂಗಿನ ಕನ್ನಡ ಮನೆಗಳಿಗೆ ಬಾಣಂತನಕ್ಕೆಂದು ಊರಿನಿಂದ ಬರುವ ಅಜ್ಜಿಯರ ಕಣ್ಣೆದುರಿಗೇ ಇದು ನಡೆದುಹೋಗುತ್ತದೆ. ಆರು ದಶಕಗಳ ಈ ವಾಡಿಕೆಯ ಚರಿತ್ರೆ ಇಂದಿನ ಡಿಎನ್‌ಎ ಚರ್ಚೆಗಳಿಗೆಲ್ಲ ಒಂದು ಸ್ಪಷ್ಟ ಪಾಠ ಕೊಡುತ್ತದೆ ಎಂಬುದು ನನ್ನ ವಾದ. ಜನರ ರಕ್ತವನ್ನು ಕೇಳಿ ಪಡೆದರೆ ಸಂಶೋಧನೆ ಸೊರಗುತ್ತದೆ ಎಂದು ಹೆದರುವವರಿದ್ದಾರೆ. ಟೆಕ್ಸಾಸಿನಲ್ಲಿ ಆದದ್ದು ಇದರ ತದ್ವಿರುದ್ಧ. ಕೇಳದೆ ಇಟ್ಟುಕೊಂಡದ್ದರಿಂದಲೇ ಅಲ್ಲಿ ಸಂಶೋಧನೆಯ ದೊಡ್ಡ ಸಂಗ್ರಹವೊಂದು ನಾಶವಾಯಿತು.

ಈ ಪರೀಕ್ಷೆ ಹುಟ್ಟಿದ್ದು ಮಕ್ಕಳ ಮೇಲಿನ ಕಾಳಜಿಯಿಂದ. ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಸೂಕ್ಷ್ಮಜೀವಿ ತಜ್ಞ ರಾಬರ್ಟ್ ಗತ್ರಿಯವರ ಮಗನಿಗೆ ಬುದ್ಧಿಮಾಂದ್ಯವಿತ್ತು. ಹತ್ತಿರದ ನೆಂಟರ ಮಗುವೊಂದಕ್ಕೆ ಫಿನೈಲ್‌ಕೀಟೋನೂರಿಯಾ, ಅಂದರೆ ಪಿಕೆಯು ಎಂಬ ಆನುವಂಶಿಕ ಕಾಯಿಲೆಯಿತ್ತು. ಈ ಕಾಯಿಲೆಯಿರುವ ಕೂಸಿಗೆ ಆಹಾರದಲ್ಲಿನ ಫಿನೈಲಲನೀನ್ ಅರಗುವುದಿಲ್ಲ. ಅದು ರಕ್ತದಲ್ಲಿ ತುಂಬಿಕೊಂಡು ಮಿದುಳನ್ನು ಹಾಳುಮಾಡುತ್ತದೆ. ಮೊದಲ ವಾರಗಳಲ್ಲೇ ಪತ್ತೆಯಾದರೆ ಪಥ್ಯದಿಂದಲೇ ಮಗುವನ್ನು ಉಳಿಸಿಕೊಳ್ಳಬಹುದು. 1960ರ ದಶಕದ ಆರಂಭದಲ್ಲಿ ಗತ್ರಿ ಒಂದು ಸರಳ ಉಪಾಯ ಕಂಡುಹಿಡಿದರು. ರಕ್ತ ಒಣಗಿದ ಕಾಗದದ ಚಿಕ್ಕ ಬಿಲ್ಲೆಯನ್ನು ಬ್ಯಾಕ್ಟೀರಿಯಾ ಇರುವ ತಟ್ಟೆಯಲ್ಲಿಡುವುದು. ಫಿನೈಲಲನೀನ್ ಹೆಚ್ಚಿದ್ದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಖರ್ಚು ಕಡಿಮೆ, ಕಾಗದವನ್ನು ಅಂಚೆಯಲ್ಲಿ ಕಳಿಸಬಹುದು. 1963ರಲ್ಲಿ ಮ್ಯಾಸಚೂಸೆಟ್ಸ್ ಇದನ್ನು ಕಡ್ಡಾಯ ಮಾಡಿತು, 1965ರಲ್ಲಿ ಟೆಕ್ಸಾಸ್ ಕಾನೂನು ತಂದಿತು. ಇಂದು ಅದೇ ಕಾರ್ಡಿನಿಂದ 50ಕ್ಕೂ ಹೆಚ್ಚು ಕಾಯಿಲೆಗಳನ್ನು ಹುಡುಕುತ್ತಾರೆ. ಮಾತು ಬಾರದ ಕೂಸಿನ ಜೀವ ಉಳಿಸಲು ಸರ್ಕಾರ ತಪಾಸಣೆಯನ್ನು ಕಡ್ಡಾಯ ಮಾಡಿದರೆ ಅದು ನ್ಯಾಯವೇ. ಇಲ್ಲಿಯವರೆಗೆ ನನ್ನ ತಕರಾರಿಲ್ಲ.

ತಕರಾರು ಎದ್ದದ್ದು ಪರೀಕ್ಷೆ ಮುಗಿದ ಮೇಲೆ ಉಳಿಯುವ ರಕ್ತದ ಬಗ್ಗೆ. ಪರೀಕ್ಷೆಗೆ ಬೇಕಾಗುವುದು ಕಾರ್ಡಿನ ಕೆಲವು ಬಿಲ್ಲೆಗಳು ಮಾತ್ರ. 2002ರಿಂದ ಟೆಕ್ಸಾಸ್ ಉಳಿದ ಕಾರ್ಡುಗಳನ್ನು ದೀರ್ಘಕಾಲ ಇಟ್ಟುಕೊಳ್ಳತೊಡಗಿತು. ಅವುಗಳಲ್ಲಿ ಕೆಲವು ಸಂಶೋಧಕರ ಕೈಗೂ ಹೋದವು. ಹೆತ್ತವರನ್ನು ಯಾರೂ ಕೇಳಿರಲಿಲ್ಲ. 2009ರ ಮಾರ್ಚಿನಲ್ಲಿ ಐವರು ಪೋಷಕರು ಟೆಕ್ಸಾಸ್ ಸಿವಿಲ್ ರೈಟ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆಯ ನೆರವಿನಿಂದ ಆರೋಗ್ಯ ಇಲಾಖೆಯ ಮೇಲೆ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅದೇ ವರ್ಷ ಶಾಸನಸಭೆ ತರಾತುರಿಯಲ್ಲಿ, ಬೇಡವೆಂದವರ ಕಾರ್ಡನ್ನು ನಾಶಮಾಡುವ ಅವಕಾಶ ಕಲ್ಪಿಸಿತು. ಆದರೆ ಅಲ್ಲಿಯವರೆಗೆ ಕೂಡಿಟ್ಟ ಕಾರ್ಡುಗಳ ಪ್ರಶ್ನೆ ಹಾಗೆಯೇ ಉಳಿಯಿತು. ಡಿಸೆಂಬರಿನಲ್ಲಿ ರಾಜಿಯಾಯಿತು. ಒಪ್ಪಿಗೆಯಿಲ್ಲದೆ ಇಟ್ಟುಕೊಂಡ ಸುಮಾರು 53 ಲಕ್ಷ ಮಕ್ಕಳ ಕಾರ್ಡುಗಳನ್ನು ನಾಶಮಾಡಲು ಇಲಾಖೆ ಒಪ್ಪಿಕೊಂಡಿತು. ಜನ್ಮಜಾತ ದೋಷಗಳ ಬಗ್ಗೆ, ಹೊಸ ಪರೀಕ್ಷೆಗಳ ಬಗ್ಗೆ ಏನೆಲ್ಲ ತಿಳಿಸಬಹುದಾಗಿದ್ದ ಸಂಗ್ರಹ ಹೀಗೆ ಕೈಬಿಟ್ಟುಹೋಯಿತು. ಪೋಷಕರಲ್ಲಿ ಹಲವರು ಆಮೇಲೆ ಹೇಳಿದ್ದು ಒಂದೇ: ಕೇಳಿದ್ದರೆ ಕೊಡುತ್ತಿದ್ದೆವು.

2010ರ ಫೆಬ್ರುವರಿಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಟೆಕ್ಸಾಸ್ ಟ್ರಿಬ್ಯೂನ್ ಪತ್ರಿಕೆ ಇಲಾಖೆಯ ಕಡತಗಳನ್ನು ಜಾಲಾಡಿ, ನೂರಾರು ಶಿಶುಗಳ ರಕ್ತದ ಕಲೆಗಳು ಸೇನೆಯ ಡಿಎನ್‌ಎ ಗುರುತು ಪ್ರಯೋಗಾಲಯಕ್ಕೆ ಹೋಗಿದ್ದನ್ನು ಬಯಲಿಗೆ ತಂದಿತು. ಉದ್ದೇಶ ಮೈಟೊಕಾಂಡ್ರಿಯ ಡಿಎನ್‌ಎಯ ಒಂದು ರಾಷ್ಟ್ರೀಯ ದತ್ತಾಂಶ ಸಂಗ್ರಹ ಕಟ್ಟುವುದು. ಇಲಾಖೆಯ ಪರವಾಗಿ ಇಲ್ಲಿ ಎರಡು ಮಾತು ಹೇಳಬಹುದು. ಹೆಸರು ತೆಗೆದೇ ಕೊಟ್ಟಿದ್ದರು ಎಂಬುದು ಒಂದು. ಕಾಣೆಯಾದವರನ್ನೂ ಸತ್ತವರನ್ನೂ ಗುರುತಿಸುವುದು ಒಳ್ಳೆಯ ಕೆಲಸವಲ್ಲವೇ ಎಂಬುದು ಇನ್ನೊಂದು. ಎರಡನೆಯ ಮಾತು ನಿಜ, ಆದರೆ ಒಳ್ಳೆಯ ಕೆಲಸಕ್ಕೆ ಬಾಯಿಬಿಟ್ಟು ಕೇಳಲು ಅಡ್ಡಿಯೇನಿತ್ತು? ಮೊದಲನೆಯ ಮಾತು ಈಗ ನಿಲ್ಲುವುದಿಲ್ಲ. ಹೆಸರಿಲ್ಲದ ಜೀನೋಮುಗಳನ್ನು ಸಾರ್ವಜನಿಕ ವಂಶಾವಳಿ ಜಾಲತಾಣಗಳ ಜೊತೆ ತಾಳೆ ಹಾಕಿ ಸುಮಾರು 50 ಜನರನ್ನು ಗುರುತಿಸಬಹುದೆಂದು 2013ರಲ್ಲೇ ಸಂಶೋಧಕರು ತೋರಿಸಿದರು. ಅದಕ್ಕಿಂತ ಮುಖ್ಯವಾಗಿ, ಡಿಎನ್‌ಎ ಒಬ್ಬರ ಸ್ವತ್ತಲ್ಲ. ಮೈಟೊಕಾಂಡ್ರಿಯ ಡಿಎನ್‌ಎ ತಾಯಿಯಿಂದಲೇ ಬರುತ್ತದೆ. ಇರ್ವಿಂಗಿನಲ್ಲಿ ಹುಟ್ಟಿದ ಮಗುವಿನದೂ, ಮೈಸೂರಿನಲ್ಲಿರುವ ಅದರ ತಾಯಿಯ ತಾಯಿಯದೂ, ತಾಯಿಯ ತಂಗಿಯದೂ ಸಾಮಾನ್ಯವಾಗಿ ಒಂದೇ. ಆ ಕಾರ್ಡಿನಲ್ಲಿ ಇಂಗಿರುವುದು ಒಂದು ಬಳಗದ ಗುರುತು.

ನನ್ನ ವಾದಕ್ಕೆ ಬರುವ ಅತ್ಯಂತ ಗಟ್ಟಿ ಆಕ್ಷೇಪಣೆ ಹ್ಯೂಸ್ಟನ್ನಿನದು. ಅಲ್ಲಿ 1971ರಲ್ಲಿ ಹುಟ್ಟಿದ ಡೇವಿಡ್ ವೆಟರ್‌ಗೆ ರೋಗನಿರೋಧಕ ಶಕ್ತಿಯೇ ಇರಲಿಲ್ಲ. ಆ ಹುಡುಗ ಟೆಕ್ಸಾಸ್ ಚಿಲ್ಡ್ರನ್ಸ್ ಆಸ್ಪತ್ರೆಯಲ್ಲೂ ಮನೆಯಲ್ಲೂ ಪ್ಲಾಸ್ಟಿಕ್ಕಿನ ಕ್ರಿಮಿರಹಿತ ಕೋಣೆಯೊಳಗೆ ಬೆಳೆದು, 12ನೇ ವಯಸ್ಸಿನಲ್ಲಿ, 1984ರಲ್ಲಿ ತೀರಿಕೊಂಡ. ಎಸ್‌ಸಿಐಡಿ ಎನ್ನುವ ಈ ಕಾಯಿಲೆಯ ಡೇವಿಡ್‌ಗಿದ್ದ ಬಗೆಗೆ ಕಾರಣವಾದ ಜೀನ್ 1993ರಲ್ಲಿ ಪತ್ತೆಯಾಯಿತು. ಒಣಗಿದ ರಕ್ತದ ಕಲೆಯಲ್ಲಿರುವ ಡಿಎನ್‌ಎ ತುಣುಕುಗಳನ್ನು ಎಣಿಸಿ ಕಾಯಿಲೆಯನ್ನು ಹುಟ್ಟಿದಾಗಲೇ ಹಿಡಿಯಬಹುದೆಂದು ಜೆನಿಫರ್ ಪಕ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಅಂಥ ಪರೀಕ್ಷೆ ರೂಪಿಸಲು ನವಜಾತರ ರಕ್ತದ ಕಾರ್ಡುಗಳು ಬೇಕೇ ಬೇಕು. ಎಲ್ಲರನ್ನೂ ಕೇಳುತ್ತ ಕೂತರೆ ಮುಂದಿನ ಡೇವಿಡ್‌ಗಳ ಗತಿಯೇನು ಎಂಬ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದಕ್ಕೆ ಟೆಕ್ಸಾಸಿನ ಚರಿತ್ರೆಯೇ ಉತ್ತರ. 2011ರಲ್ಲಿ ಬಂದ ಹೊಸ ಕಾನೂನು 2012ರ ಜೂನಿನಿಂದ ಜಾರಿಯಾಯಿತು. ಪೋಷಕರು ಸಹಿ ಹಾಕಿ ಒಪ್ಪಿದರೆ ಮಾತ್ರ ಕಾರ್ಡು ಸಂಶೋಧನೆಗೆ ಉಳಿಯುತ್ತದೆ. ಇಲ್ಲವಾದರೆ ಎರಡು ವರ್ಷದೊಳಗೆ ನಾಶ. ತಪಾಸಣೆ ಮಾತ್ರ ಹಿಂದಿನಂತೆಯೇ ನಡೆಯುತ್ತದೆ. ಅದಾಗಿ ಆರೇ ತಿಂಗಳಲ್ಲಿ, ಡಿಸೆಂಬರಿನಲ್ಲಿ, ಎಸ್‌ಸಿಐಡಿ ಪರೀಕ್ಷೆ ಆಸ್ಟಿನ್ನಿನಲ್ಲಿ ಶುರುವಾಯಿತು. 2021ರಲ್ಲಿ ಸ್ನಾಯುಗಳನ್ನು ಸೊರಗಿಸುವ ಎಸ್‌ಎಂಎ ಕಾಯಿಲೆಯ ಪರೀಕ್ಷೆಯೂ ಸೇರಿತು. ಒಪ್ಪಿಗೆ ಕೇಳುವ ಕಾನೂನಿನ ಅಡಿಯಲ್ಲೇ ಪರೀಕ್ಷೆಗಳ ಪಟ್ಟಿ ಬೆಳೆದಿದೆ.

ಖಾಸಗಿ ಕಂಪನಿಗಳ ಕಥೆಯೂ ಇದೇ ಜಾಡಿನದು. 2000ದಲ್ಲಿ ಹ್ಯೂಸ್ಟನ್ನಿನಲ್ಲಿ ಶುರುವಾದ ಫ್ಯಾಮಿಲಿಟ್ರೀಡಿಎನ್‌ಎ, ಜನರಿಗೆ ತಮ್ಮ ಪೂರ್ವಜರ ಸುಳಿವು ಕೊಡುವ ಕಂಪನಿ. ತನ್ನ ದತ್ತಾಂಶದಲ್ಲಿ ಹುಡುಕಲು ಅದು ಎಫ್‌ಬಿಐಗೆ ಅವಕಾಶ ಕೊಟ್ಟಿದೆ ಎಂಬ ಸುದ್ದಿ 2019ರ ಆರಂಭದಲ್ಲಿ ಹೊರಬಂದಾಗ ಗ್ರಾಹಕರು ಸಿಟ್ಟಾದರು. ಇಂಥ ಹುಡುಕಾಟದಿಂದಲೇ ಅದರ ಹಿಂದಿನ ವರ್ಷ ಕ್ಯಾಲಿಫೋರ್ನಿಯಾದ ಸರಣಿ ಹಂತಕನೊಬ್ಬ ದಶಕಗಳ ನಂತರ ಸಿಕ್ಕಿಬಿದ್ದಿದ್ದ. ಆ ಪ್ರಯೋಜನವನ್ನು ಅಲ್ಲಗಳೆಯುವವರು ಕಡಿಮೆ. ಆದರೂ ಪೊಲೀಸ್ ಹುಡುಕಾಟಕ್ಕೆ ಸಿಗಬೇಕೋ ಬೇಡವೋ ಎಂಬ ಆಯ್ಕೆಯನ್ನು ಕಂಪನಿ ಕೊನೆಗೆ ಗ್ರಾಹಕರಿಗೇ ಕೊಡಬೇಕಾಯಿತು. 2025ರ ಮಾರ್ಚಿನಲ್ಲಿ 23ಆಂಡ್‌ಮಿ ಕಂಪನಿ ದಿವಾಳಿ ಅರ್ಜಿ ಹಾಕಿದಾಗ, ಸುಮಾರು ಒಂದೂವರೆ ಕೋಟಿ ಜನರ ತಳಿ ಮಾಹಿತಿ ಯಾರ ಪಾಲಾಗುತ್ತದೆ ಎಂಬ ಆತಂಕ ಹರಡಿತು. ಒಂದು ಕೆಲಸಕ್ಕೆಂದು ಕೊಟ್ಟ ಡಿಎನ್‌ಎ ಇನ್ನೊಂದು ಕೆಲಸಕ್ಕೆ ಹೋಗುವಾಗ ಹೊಸದಾಗಿ ಕೇಳಬೇಕು ಎಂಬ ನಿಯಮ ಮೊದಲೇ ಇದ್ದಿದ್ದರೆ ಈ ಎರಡೂ ಗೊಂದಲ ಇಷ್ಟು ದೊಡ್ಡದಾಗುತ್ತಿರಲಿಲ್ಲ.

ಇದು ಅಮೆರಿಕದ ಮಾತು, ನಮಗೇಕೆ ಎನ್ನುವಂತಿಲ್ಲ. 1980ರ ದಶಕದಲ್ಲೇ ಕರ್ನಾಟಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾದೇವಿ ಮೊದಲಾದವರು ಲಕ್ಷಕ್ಕೂ ಹೆಚ್ಚು ನವಜಾತರ ರಕ್ತ ಪರೀಕ್ಷಿಸಿದ್ದರು. ಬೆಂಗಳೂರು, ಮೈಸೂರುಗಳಲ್ಲಿ ಆ ದಶಕದಲ್ಲೇ ನಡೆದ ಅಧ್ಯಯನದಲ್ಲಿ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದೊಳಗೇ ಆಗಿದ್ದು ಕಂಡುಬಂತು. ಸೋದರಮಾವನನ್ನೋ ಅವನ ಮಗನನ್ನೋ ಮದುವೆಯಾಗುವ ರೂಢಿ, ಜಾತಿಯೊಳಗಿನ ಮದುವೆ, ಇವೆರಡರಿಂದ ನಮ್ಮ ಕುಟುಂಬಗಳ ಡಿಎನ್‌ಎ ಒಂದಕ್ಕೊಂದು ಹೆಣೆದುಕೊಂಡಿದೆ. ವೈಶ್ಯ ಸಮುದಾಯದ ಕೆಲವರಿಗೆ ಅರಿವಳಿಕೆ ಸಮಯದ ಸ್ನಾಯು ಸಡಿಲಿಸುವ ಔಷಧ ಬೇಗ ಇಳಿಯುವುದಿಲ್ಲ ಎಂಬುದು ವೈದ್ಯರಿಗೆ ಗೊತ್ತಿರುವ ಸಂಗತಿ. ಇಂಥ ತಿಳಿವಳಿಕೆ ಜೀವ ಉಳಿಸುತ್ತದೆ. ಅದೇ ತಿಳಿವಳಿಕೆ ಎಚ್ಚರವಿಲ್ಲದೆ ಹರಿದಾಡಿದರೆ ಇಡೀ ಸಮುದಾಯಕ್ಕೆ ಹಣೆಪಟ್ಟಿ ಅಂಟುತ್ತದೆ. ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್‌ಇಂಡಿಯಾ ಯೋಜನೆಯ 10,000 ಜನರ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಆದರೆ ಡಿಎನ್‌ಎ ಬಳಕೆಯನ್ನು ನಿಯಂತ್ರಿಸಲು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆಯನ್ನು ಸರ್ಕಾರ 2023ರಲ್ಲಿ ಹಿಂತೆಗೆದುಕೊಂಡಿತು. ಸಂಗ್ರಹ ಮುಂದೆ ಓಡುತ್ತಿದೆ, ಕಾನೂನು ಹಿಂದೆ ಬಿದ್ದಿದೆ. ಟೆಕ್ಸಾಸ್ 2009ಕ್ಕೆ ಮೊದಲು ನಿಂತಿದ್ದ ಜಾಗ ಇದೇ.

ಕೊನೆಯದಾಗಿ ಒಂದು ಆಕ್ಷೇಪ ಉಳಿಯುತ್ತದೆ. ಸಹಿ ಕೇಳಿದರೆ ಓದುಬರಹ ಬಲ್ಲವರು, ಇಂಗ್ಲಿಷ್ ತಿಳಿದವರು ಮಾತ್ರ ಒಪ್ಪುತ್ತಾರೆ. ಬಡವರ, ವಲಸಿಗರ ಮಕ್ಕಳ ರಕ್ತ ಸಂಗ್ರಹದಿಂದ ಹೊರಗುಳಿದು, ಅವರ ಕಾಯಿಲೆಗಳೇ ಸಂಶೋಧನೆಯ ಕಣ್ಣು ತಪ್ಪುತ್ತವೆ ಎಂಬುದು. ಈ ಅಪಾಯ ನಿಜ. ಆದರೆ ಅದು ಕೇಳುವ ರೀತಿಯಲ್ಲಿರುವ ದೋಷ. ಹೆರಿಗೆಯಾಗಿ ಒಂದು ದಿನವೂ ಕಳೆಯದ ತಾಯಿಯ ಮುಂದೆ ಕಾಗದಗಳ ಕಟ್ಟಿನ ನಡುವೆ ಒಂದು ನಮೂನೆ ಇಟ್ಟರೆ ಅವಳು ಓದಿ ತೀರ್ಮಾನಿಸುವುದು ಕಷ್ಟ. ಬಸುರಿಯ ತಪಾಸಣೆಯ ತಿಂಗಳುಗಳಲ್ಲೇ, ಅವಳ ಮಾತಿನಲ್ಲೇ, ರಕ್ತ ಎಲ್ಲಿಗೆ ಹೋಗುತ್ತದೆ, ಎಷ್ಟು ಕಾಲ ಇರುತ್ತದೆ, ಪೊಲೀಸರಿಗೆ ಸಿಗುತ್ತದೆಯೇ ಎಂದು ತಿಳಿಸಬೇಕು. ಕರ್ನಾಟಕದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಾರೆ. ಅವರ ಕೈಗೆ ಸರಳ ಕನ್ನಡದ ಒಂದು ಪುಟ ಕೊಟ್ಟರೆ ಕೆಲಸ ಶುರುವಾಗುತ್ತದೆ. ಇರ್ವಿಂಗಿನ ಕನ್ನಡ ದಂಪತಿಗಳೂ ಹೆರಿಗೆಗೆ ಮೊದಲೇ ಆ ನಮೂನೆ ತರಿಸಿ ಓದಿ, ತಿಳಿದು ಒಪ್ಪಬೇಕು ಅಥವಾ ತಿಳಿದು ಬೇಡವೆನ್ನಬೇಕು. ಒಪ್ಪುವವರು ಹೆಚ್ಚಾಗಲಿ ಎಂಬುದು ನನ್ನ ಆಸೆ, ಏಕೆಂದರೆ ನಮ್ಮವರ ಡಿಎನ್‌ಎ ಜಗತ್ತಿನ ಸಂಶೋಧನೆಯಲ್ಲಿ ಇನ್ನೂ ತೀರ ಕಡಿಮೆ. ಹಾಗೆ ಒಪ್ಪಿ ಕೊಟ್ಟ ಕಾರ್ಡನ್ನು ಯಾವ ನ್ಯಾಯಾಲಯದ ರಾಜಿಯೂ ಸುಡಬೇಕಾಗಿ ಬರುವುದಿಲ್ಲ.