ಮೋಮೋ, ಬ್ಲೂ ವೇಲ್, ಮಕ್ಕಳ ಕಳ್ಳರು: ಪೋಷಕರ ನಿದ್ದೆಗೆಡಿಸಿದ ವೈರಲ್ ಸಂದೇಶಗಳ ಅಸಲಿಯತ್ತೇನು?

'ಹೊಸದೊಂದು ಗೇಮ್ ಬಂದಿದೆ. ಮಕ್ಕಳ ಕೈಗೆ ಮೊಬೈಲ್ ಕೊಡಬೇಡಿ. ಕೂಡಲೇ ಎಲ್ಲ ಗ್ರೂಪ್‌ಗಳಿಗೂ ಕಳಿಸಿ.' ಈ ಧಾಟಿಯ ಸಂದೇಶ ಒಮ್ಮೆಯೂ ಬಾರದ ವಾಟ್ಸಾಪ್ ಗ್ರೂಪ್ ಇರಲಿಕ್ಕಿಲ್ಲ. 2017ರಲ್ಲಿ ಬ್ಲೂ ವೇಲ್, 2018ರಲ್ಲಿ ಮೋಮೋ, ಅದೇ ವರ್ಷ ಮಕ್ಕಳ ಕಳ್ಳರ ವಿಡಿಯೋ. ಹೆಸರು ಬೇರೆಯಾದರೂ ಸಂದೇಶದ ಅಚ್ಚು ಒಂದೇ.

ಇವುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ತನಿಖೆಗಳಲ್ಲಿ ಏನು ಗೊತ್ತಾಯಿತು? ಮುಂದಿನ ಬಾರಿ ಇಂಥ ಸಂದೇಶ ಬಂದಾಗ ಪೋಷಕರು ಏನು ಮಾಡಬೇಕು? ಇಲ್ಲಿದೆ ವಿವರ.

ಮೋಮೋ ಮುಖ ಬಂದಿದ್ದು ಎಲ್ಲಿಂದ?

ಉಬ್ಬಿದ ಕಣ್ಣು, ಕಿವಿವರೆಗೆ ಸೀಳಿದ ಬಾಯಿ, ಕೆದರಿದ ಕಪ್ಪು ಕೂದಲು. ಮೋಮೋ ಎಂದು ಹರಿದಾಡಿದ ಈ ಮುಖ ಯಾವ ಗೇಮ್‌ನದ್ದೂ ಅಲ್ಲ. ಜಪಾನಿನ ಕಲಾವಿದ ಕೈಸುಕೆ ಐಸೊ ಮಾಡಿದ 'ಮದರ್ ಬರ್ಡ್' ಎಂಬ ಶಿಲ್ಪವದು. ಹೆರಿಗೆಯಲ್ಲಿ ಸತ್ತ ಹೆಣ್ಣು ದೆವ್ವವಾಗುತ್ತಾಳೆ ಎಂಬ ಜಪಾನಿ ಜನಪದ ಕಥೆಯ 'ಉಬುಮೆ' ಅದಕ್ಕೆ ಮೂಲ. ಟೋಕಿಯೊದ ಗಿಂಜಾ ಪ್ರದೇಶದ ವೆನಿಲಾ ಗ್ಯಾಲರಿಯಲ್ಲಿ 2016ರಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಿದ್ದರು.

ನೋಡಲು ಬಂದವರು ಫೋಟೋ ತೆಗೆದು ಇನ್‌ಸ್ಟಾಗ್ರಾಂಗೆ ಹಾಕಿದರು. ಆ ಫೋಟೋಗಳಲ್ಲಿ ಒಂದು 2018ರ ಜುಲೈನಲ್ಲಿ ರೆಡ್ಡಿಟ್ ತಾಣಕ್ಕೆ ಬಂತು. ಅಷ್ಟರಲ್ಲಿ ಕೋಳಿಕಾಲಿನ ದೇಹ ಕತ್ತರಿಸಿಹೋಗಿ, ಬರೀ ಮುಖ ಉಳಿದಿತ್ತು. ಈ ಮುಖವಿರುವ ವಾಟ್ಸಾಪ್ ನಂಬರಿಗೆ ಮೆಸೇಜ್ ಮಾಡಿದರೆ ಅದು ಮಕ್ಕಳಿಗೆ ಅಪಾಯಕಾರಿ ಟಾಸ್ಕ್‌ಗಳನ್ನು ಕೊಡುತ್ತದೆ, ಮಾಡದಿದ್ದರೆ ಬೆದರಿಸುತ್ತದೆ ಎಂಬ ಕಥೆ ಜೊತೆಗೆ ಸೇರಿಕೊಂಡಿತು. ಅರ್ಜೆಂಟೀನಾದಲ್ಲಿ 12 ವರ್ಷದ ಬಾಲಕಿಯ ಸಾವಿಗೂ ಇದಕ್ಕೂ ನಂಟಿದೆಯೇ ಎಂದು ಪೊಲೀಸರು ನೋಡುತ್ತಿದ್ದಾರೆ ಎಂಬ ವರದಿ ಬಂದ ಮೇಲಂತೂ ಕಥೆ ಜಗತ್ತಿನ ಸುದ್ದಿಯಾಯಿತು. ಆ ನಂಟು ಸಾಬೀತಾಗಲೇ ಇಲ್ಲ.

ಆಗಸ್ಟ್ ಹೊತ್ತಿಗೆ ಮೋಮೋ ಭಾರತಕ್ಕೂ ಕಾಲಿಟ್ಟಿತು. ಪಶ್ಚಿಮ ಬಂಗಾಳದಲ್ಲಿ ದೂರುಗಳು ಕೇಳಿಬಂದವು. ಹಲವು ರಾಜ್ಯಗಳ ಪೊಲೀಸರು ಎಚ್ಚರಿಕೆ ಕೊಟ್ಟರು. ಕೇಂದ್ರ ಐಟಿ ಸಚಿವಾಲಯವೂ ಪೋಷಕರಿಗೆ ಸಲಹೆ ಹೊರಡಿಸಿತು.

ಬ್ರಿಟನ್‌ನಲ್ಲಿ ನಡೆದಿದ್ದೇನು?

ಮೋಮೋ ಭೀತಿ ಹರಡಿದ ರೀತಿಯನ್ನು ಹೆಚ್ಚು ಸ್ಪಷ್ಟವಾಗಿ ತೋರಿಸುವುದು ಬ್ರಿಟನ್‌ನ ಉದಾಹರಣೆ. 2019ರ ಫೆಬ್ರವರಿಯಲ್ಲಿ ಬೋಲ್ಟನ್ ಬಳಿಯ ಊರಿನ ತಾಯಿಯೊಬ್ಬರು ಸ್ಥಳೀಯ ಫೇಸ್‌ಬುಕ್ ಗ್ರೂಪ್‌ನಲ್ಲಿ ಮೋಮೋ ಬಗ್ಗೆ ಎಚ್ಚರಿಸಿ ಪೋಸ್ಟ್ ಹಾಕಿದರು. ಶಾಲೆಯಲ್ಲಿ ಮಕ್ಕಳು ಆಡಿಕೊಂಡ ಮಾತು ಅವರ ಕಿವಿಗೆ ಬಿದ್ದಿತ್ತು, ಅಷ್ಟೇ. ಸ್ಥಳೀಯ ಪತ್ರಿಕೆಗಳು ಅದನ್ನು ಸುದ್ದಿ ಮಾಡಿದವು. ಸುದ್ದಿ ನೋಡಿ ಶಾಲೆಗಳು ಪೋಷಕರಿಗೆ ಪತ್ರ ಕಳಿಸಿದವು. ಉತ್ತರ ಐರ್ಲೆಂಡ್ ಪೊಲೀಸರೂ ಎಚ್ಚರಿಕೆ ನೀಡಿದರು. ಪೊಲೀಸರೇ ಹೇಳಿದ್ದಾರೆಂದು ರಾಷ್ಟ್ರೀಯ ಮಾಧ್ಯಮಗಳು ಕೈಗೆತ್ತಿಕೊಂಡವು.

ಯೂಟ್ಯೂಬ್‌ನಲ್ಲಿ ಮಕ್ಕಳ ಕಾರ್ಟೂನ್‌ಗಳ ನಡುವೆ ಮೋಮೋ ಇಣುಕುತ್ತಿದೆ ಎಂಬ ಮಾತೂ ಜೋರಾಯಿತು. ಮೋಮೋ ಚಾಲೆಂಜ್‌ಗೆ ಪ್ರಚೋದಿಸುವ ವಿಡಿಯೋಗಳ ಪುರಾವೆ ಇತ್ತೀಚೆಗೆ ತನಗೆ ಕಂಡಿಲ್ಲ ಎಂದು ಯೂಟ್ಯೂಬ್ ಫೆಬ್ರವರಿ 27ರಂದು ಸ್ಪಷ್ಟಪಡಿಸಿತು. ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಎಸ್‌ಪಿಸಿಸಿ ಮತ್ತು ಆತ್ಮಹತ್ಯೆ ತಡೆ ಸಂಸ್ಥೆ ಸಮಾರಿಟನ್ಸ್ ಕೂಡ ಇದರಿಂದ ಮಕ್ಕಳಿಗೆ ಹಾನಿಯಾದ ಖಚಿತ ಪ್ರಕರಣವಿಲ್ಲ ಎಂದವು. ಮೋಮೋ ಬಗ್ಗೆ ವಿಚಾರಿಸಿ ಪೋಷಕರಿಗಿಂತ ಮಾಧ್ಯಮದವರಿಂದಲೇ ಹೆಚ್ಚು ಕರೆ ಬಂದಿವೆ ಎಂದು ಎನ್‌ಎಸ್‌ಪಿಸಿಸಿ ಹೇಳಿತ್ತು.

ಪೋಸ್ಟ್ ನೋಡಿ ಪತ್ರಿಕೆ, ಪತ್ರಿಕೆ ನೋಡಿ ಶಾಲೆ, ಎಲ್ಲವನ್ನೂ ನೋಡಿ ಪೊಲೀಸ್. ಪ್ರತಿಯೊಬ್ಬರ ಬಳಿಯೂ ಹಿಂದಿನವರ ಮಾತೇ ಆಧಾರ. ಮೂಲದಲ್ಲಿ ಪರಿಶೀಲಿಸಿದ ಒಂದು ಪ್ರಕರಣವೂ ಇರಲಿಲ್ಲ. ಆದರೆ ಅಷ್ಟರಲ್ಲಿ ಮೋಮೋ ಹೆಸರೇ ಕೇಳಿರದ ಪುಟ್ಟ ಮಕ್ಕಳೂ ಆ ಮುಖವನ್ನು ನೋಡಿ ಹೆದರಿದ್ದರು. ಅವರಿಗೆ ಅದನ್ನು ತೋರಿಸಿದ್ದು ಗೇಮ್ ಅಲ್ಲ, ಎಚ್ಚರಿಕೆಯ ಪೋಸ್ಟರ್ ಮತ್ತು ಸುದ್ದಿ.

ಅಂದಹಾಗೆ, ಶಿಲ್ಪ ಕೊಳೆತುಹೋಗಿದ್ದರಿಂದ 2018ರಲ್ಲೇ ಎಸೆದುಬಿಟ್ಟೆ ಎಂದು ಐಸೊ 2019ರ ಮಾರ್ಚ್‌ನಲ್ಲಿ ತಿಳಿಸಿದರು. ಬ್ರಿಟನ್ ಬೆಚ್ಚಿಬೀಳುವ ಹೊತ್ತಿಗೆ ಮೋಮೋ ಕಸದ ಬುಟ್ಟಿ ಸೇರಿಯಾಗಿತ್ತು.

ಬ್ಲೂ ವೇಲ್: ಸಂಸತ್ತಿಗೆ ಸರ್ಕಾರ ಕೊಟ್ಟ ಉತ್ತರ

ಭಾರತದಲ್ಲಿ ಇದಕ್ಕಿಂತ ದೊಡ್ಡ ಭೀತಿ ಹುಟ್ಟಿಸಿದ್ದು ಬ್ಲೂ ವೇಲ್. 50 ದಿನ, 50 ಟಾಸ್ಕ್, ಕೊನೆಯದು ಆತ್ಮಹತ್ಯೆ ಎಂಬುದು ಅದರ ಕಥೆ.

ಇದರ ಮೂಲ ರಷ್ಯಾ. ಅಲ್ಲಿನ 'ನೋವಾಯಾ ಗಜೆಟಾ' ಪತ್ರಿಕೆ 2016ರ ಮೇ ತಿಂಗಳಲ್ಲಿ ಸುಮಾರು 130 ಮಕ್ಕಳ ಸಾವನ್ನು ವಿಕೆ ಎಂಬ ಜಾಲತಾಣದ ಗುಂಪುಗಳ ಜೊತೆ ಜೋಡಿಸಿ ವರದಿ ಮಾಡಿತು. ಸತ್ತ ಮಕ್ಕಳಲ್ಲಿ ಹಲವರು ಆ ಗುಂಪುಗಳಲ್ಲಿದ್ದರು ಎಂದಮಾತ್ರಕ್ಕೆ ಗುಂಪೇ ಸಾವಿಗೆ ಕಾರಣ ಎನ್ನಲಾಗದು, ಮೊದಲೇ ನೊಂದಿದ್ದ ಮಕ್ಕಳು ಅಲ್ಲಿ ಸೇರಿರಬಹುದು ಎಂದು ಇತರ ಪತ್ರಕರ್ತರು ಆಕ್ಷೇಪಿಸಿದರು. ಹಾಗೆಂದು ಅಲ್ಲಿ ಏನೂ ನಡೆದಿರಲಿಲ್ಲ ಎಂದಲ್ಲ. ಇಂಥ ಗುಂಪುಗಳನ್ನು ನಡೆಸುತ್ತಿದ್ದ ಯುವಕನೊಬ್ಬನಿಗೆ ಆತ್ಮಹತ್ಯೆಗೆ ಪ್ರಚೋದಿಸಿದ ಆರೋಪದಲ್ಲಿ 2017ರಲ್ಲಿ ಜೈಲು ಶಿಕ್ಷೆಯಾಯಿತು. ನೊಂದ ಮಕ್ಕಳನ್ನು ಆನ್‌ಲೈನ್‌ನಲ್ಲಿ ದುರ್ಬಳಕೆ ಮಾಡಿಕೊಳ್ಳುವವರು ಇದ್ದಾರೆ ಎಂಬುದು ನಿಜ. ಜಗತ್ತಿನಾದ್ಯಂತ ಮಕ್ಕಳನ್ನು ಕೊಲ್ಲುವ ಒಂದೇ ಗೇಮ್ ಇದೆ ಎಂಬುದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ.

2017ರ ಜುಲೈ ಕೊನೆಯಲ್ಲಿ ಮುಂಬೈನ ಅಂಧೇರಿಯಲ್ಲಿ 14 ವರ್ಷದ ಬಾಲಕನ ಸಾವನ್ನು ಬ್ಲೂ ವೇಲ್ ಜೊತೆ ಜೋಡಿಸಿ ಸುದ್ದಿಗಳು ಬಂದವು. ನಂತರದ ವಾರಗಳಲ್ಲಿ ದೇಶದ ನಾನಾ ಕಡೆಯ ಸಾವುಗಳಿಗೆ ಅದೇ ಹೆಸರು ಅಂಟಿಕೊಂಡಿತು. ಆಗಸ್ಟ್ 11ರಂದು ಐಟಿ ಸಚಿವಾಲಯ ಗೂಗಲ್, ಫೇಸ್‌ಬುಕ್, ವಾಟ್ಸಾಪ್ ಸೇರಿದಂತೆ ಕಂಪನಿಗಳಿಗೆ ಪತ್ರ ಬರೆದು ಬ್ಲೂ ವೇಲ್ ಲಿಂಕ್‌ಗಳನ್ನು ತೆಗೆಯುವಂತೆ ಸೂಚಿಸಿತು. ಮದ್ರಾಸ್ ಹೈಕೋರ್ಟ್‌ನ ಮದುರೈ ಪೀಠ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ವಿಷಯ ಸುಪ್ರೀಂ ಕೋರ್ಟ್‌ಗೂ ಹೋಯಿತು. ಇದು ಆ್ಯಪ್ ಅಲ್ಲದ ಕಾರಣ ತಡೆಯುವುದು ಕಷ್ಟ ಎಂದು ಕೇಂದ್ರ ಅಲ್ಲಿ ಹೇಳಿತು.

ಈ ನಡುವೆ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಮಹಾನಿರ್ದೇಶಕರ ನೇತೃತ್ವದ ಸಮಿತಿ ತನಿಖೆಗೆ ಇಳಿಯಿತು. ಮಕ್ಕಳು ಬಳಸಿದ ಇಂಟರ್ನೆಟ್, ಮೊಬೈಲ್, ಕರೆ ದಾಖಲೆ, ಸೋಶಿಯಲ್ ಮೀಡಿಯಾ ಚಟುವಟಿಕೆ ಮತ್ತು ವಿಧಿವಿಜ್ಞಾನ ಸಾಕ್ಷ್ಯಗಳನ್ನು ಪರಿಶೀಲಿಸಿತು. ಬದುಕುಳಿದವರ ಜೊತೆಯೂ ಮಾತನಾಡಿತು. ಇವುಗಳಲ್ಲಿ ಯಾವ ಪ್ರಕರಣದಲ್ಲೂ ಬ್ಲೂ ವೇಲ್ ಪಾತ್ರ ಸಾಬೀತಾಗಿಲ್ಲ ಎಂದು ಆಗಿನ ಕೇಂದ್ರ ಗೃಹ ಖಾತೆ ರಾಜ್ಯ ಸಚಿವ ಹಂಸರಾಜ್ ಅಹಿರ್ 2018ರ ಜನವರಿಯಲ್ಲಿ ಲೋಕಸಭೆಗೆ ಲಿಖಿತ ಉತ್ತರ ಕೊಟ್ಟರು.

ಹೆಚ್ಚಿನ ಗ್ರೂಪ್‌ಗಳಿಗೆ ಈ ಉತ್ತರ ತಲುಪಲೇ ಇಲ್ಲ. ಭೀತಿಯ ಸಂದೇಶ ಫಾರ್ವರ್ಡ್ ಆದಷ್ಟು ವೇಗದಲ್ಲಿ ಅದರ ನಿರಾಕರಣೆ ಫಾರ್ವರ್ಡ್ ಆಗುವುದಿಲ್ಲ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಮಗುವಿನ ಸಾವಿಗೆ ಗೇಮ್ ಕಾರಣ ಎಂದು ಷರಾ ಬರೆದ ಮೇಲೆ ಖಿನ್ನತೆ, ಪರೀಕ್ಷೆಯ ಒತ್ತಡ, ಶಾಲೆಯಲ್ಲಿನ ಕಿರುಕುಳ, ಮನೆಯ ಸಂಕಟ ಇವುಗಳ ಬಗ್ಗೆ ಯಾರೂ ವಿಚಾರಿಸುವುದಿಲ್ಲ.

ಕರಾಚಿಯ ವಿಡಿಯೋ, ಬೀದರ್‌ನ ಸಾವು

ಮೋಮೋ, ಬ್ಲೂ ವೇಲ್ ಸಂದೇಶಗಳು ಮನೆಯೊಳಗೆ ಭೀತಿ ತಂದರೆ, 2018ರಲ್ಲಿ ಹರಿದಾಡಿದ ಮತ್ತೊಂದು ಸಂದೇಶ ಬೀದಿಯಲ್ಲಿ ಜೀವ ತೆಗೆಯಿತು. ಬೈಕ್‌ನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಬಾಲಕನನ್ನು ಎತ್ತಿಕೊಂಡು ಹೋಗುವ ವಿಡಿಯೋ ಅದು. ಮಕ್ಕಳ ಕಳ್ಳರು ಊರಿಗೆ ಬಂದಿದ್ದಾರೆ ಎಂಬ ಒಕ್ಕಣೆಯೊಂದಿಗೆ ಬೆಂಗಳೂರು ಸೇರಿದಂತೆ ಹಲವೆಡೆ ಹರಡಿತು.

ಅಸಲಿಗೆ ಅದು ಪಾಕಿಸ್ತಾನದ ಕರಾಚಿಯ ರೋಶನಿ ಹೆಲ್ಪ್‌ಲೈನ್ ಸಂಸ್ಥೆ ಮಾಡಿಸಿದ ಜಾಗೃತಿ ಜಾಹೀರಾತು. ಕೊನೆಯಲ್ಲಿ ಬೈಕ್ ಸವಾರರು ಬಾಲಕನನ್ನು ವಾಪಸ್ ತಂದುಬಿಟ್ಟು, ಮಕ್ಕಳ ಸುರಕ್ಷತೆ ಬಗ್ಗೆ ಬರೆದ ಫಲಕ ತೋರಿಸುತ್ತಾರೆ. ಭಾರತದಲ್ಲಿ ಹರಡಿದ ತುಣುಕಿನಲ್ಲಿ ಆ ಭಾಗವನ್ನೇ ಕತ್ತರಿಸಲಾಗಿತ್ತು.

ಇಂಥ ವದಂತಿಗಳ ನಡುವೆ ಆ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆ ಭಾಗದಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಗುಂಪೊಂದು ಹೊಡೆದು ಕೊಂದಿತು. ಜುಲೈ 1ರಂದು ಮಹಾರಾಷ್ಟ್ರದ ಧುಲೆ ಜಿಲ್ಲೆಯ ರೈನ್‌ಪಾಡಾದಲ್ಲಿ ಅಲೆಮಾರಿ ಸಮುದಾಯದ ಐವರು ಬಲಿಯಾದರು. ಜುಲೈ 13ರಂದು ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದ್‌ನ ಸಾಫ್ಟ್‌ವೇರ್ ಎಂಜಿನಿಯರ್ ಸಾವನ್ನಪ್ಪಿದರು. ಅವರ ಜೊತೆಗಿದ್ದವರು ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಅವರ ಕಾರು ಹೊರಡುವಷ್ಟರಲ್ಲಿ ಮುಂದಿನ ಊರಿಗೆ ವಾಟ್ಸಾಪ್ ಸಂದೇಶ ತಲುಪಿತ್ತು.

ಇದೇ ಜುಲೈನಲ್ಲಿ ವಾಟ್ಸಾಪ್ 'ಫಾರ್ವರ್ಡೆಡ್' ಗುರುತು ತಂದಿತು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಚಾಟ್‌ಗಳಿಗೆ ಮಾತ್ರ ಕಳಿಸುವ ಮಿತಿಯನ್ನೂ ಹೇರಿತು.

ವಾಟ್ಸಾಪ್‌ಗೂ ಮೊದಲೇ ಇತ್ತು 'ನಾಳೆ ಬಾ'

ಇದೆಲ್ಲ ಮೊಬೈಲ್ ಯುಗದ ಕಾಯಿಲೆ ಎನ್ನುವಂತಿಲ್ಲ. ರಾತ್ರಿ ದೆವ್ವವೊಂದು ಪರಿಚಿತರ ದನಿಯಲ್ಲಿ ಕರೆದು ಬಾಗಿಲು ತಟ್ಟುತ್ತದೆ ಎಂಬ ಪುಕಾರು 1990ರ ದಶಕದಲ್ಲಿ ಕರ್ನಾಟಕದಲ್ಲಿ ಹಬ್ಬಿದಾಗ ಜನ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರು. ಇಷ್ಟು ಜನರಿಗೆ ಬರೆದು ಕಳಿಸದಿದ್ದರೆ ಕೇಡಾಗುತ್ತದೆ ಎಂಬ ದೇವರ ಪತ್ರಗಳೂ ಹಳೆಯವೇ. ಆಗ ಪುಕಾರು ಊರಿಂದೂರಿಗೆ ಹೋಗಲು ದಿನಗಳು ಬೇಕಿದ್ದವು. ಈಗ ನಿಮಿಷ ಸಾಕು.

ಹೊರರಾಜ್ಯಗಳಲ್ಲಿರುವ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಪುಣೆಯಲ್ಲಿರುವವರಿಗೆ ಒಂದೇ ಸಂದೇಶ ಸೊಸೈಟಿ ಗ್ರೂಪ್‌ನಲ್ಲಿ ಮರಾಠಿಯಲ್ಲಿ, ಆಫೀಸ್ ಗ್ರೂಪ್‌ನಲ್ಲಿ ಹಿಂದಿಯಲ್ಲಿ, ಊರಿನ ನೆಂಟರ ಗ್ರೂಪ್‌ನಲ್ಲಿ ಕನ್ನಡದಲ್ಲಿ ಬರುತ್ತದೆ. ಮೂರು ಕಡೆಯಿಂದ ಬಂತು, ಹಾಗಾದರೆ ನಿಜವೇ ಇರಬೇಕು ಅನಿಸುತ್ತದೆ. ಅಲ್ಲಿರುವುದು ಮೂರು ಅನುವಾದ, ಮೂರು ಸಾಕ್ಷಿಯಲ್ಲ.

ಫಾರ್ವರ್ಡ್ ಮಾಡುವ ಮುನ್ನ ಪರಿಶೀಲಿಸುವುದು ಹೇಗೆ?

* ದಿನಾಂಕ, ಊರು, ಠಾಣೆ ಇದೆಯೇ? 'ನಿನ್ನೆ', 'ನಮ್ಮ ಏರಿಯಾದಲ್ಲಿ' ಎಂದಷ್ಟೇ ಇದ್ದರೆ ಆ ಸಂದೇಶ ಯಾವ ವರ್ಷ, ಯಾವ ಊರಿಗೂ ಹೊಂದುತ್ತದೆ. ಅಂಥದ್ದನ್ನು ನಂಬಬೇಡಿ.
* ಎಚ್ಚರಿಕೆಯೋ, ಪ್ರಕರಣವೋ? ಪೊಲೀಸರು ಎಚ್ಚರಿಕೆ ಕೊಟ್ಟಿದ್ದಾರೆ ಎಂದರೆ ಘಟನೆ ನಡೆದಿದೆ ಎಂದರ್ಥವಲ್ಲ. ದೂರು ದಾಖಲಾಗಿದೆಯೇ, ತನಿಖೆಯಲ್ಲಿ ಏನು ಸಿಕ್ಕಿತು ಎಂದು ನೋಡಿ.
* ಫೋಟೋ ಎಲ್ಲಿಯದು? ಗೂಗಲ್ ಲೆನ್ಸ್‌ನಲ್ಲಿ ಫೋಟೋ ಹಾಕಿದರೆ ಅದು ಮೊದಲು ಎಲ್ಲೆಲ್ಲಿ ಬಂದಿತ್ತು ಎಂಬ ಸುಳಿವು ಸಿಗುತ್ತದೆ. ವಿಡಿಯೋ ಆದರೆ ಒಂದು ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು ಹುಡುಕಿ.
* ವಿಡಿಯೋ ಪೂರ್ತಿ ಇದೆಯೇ? ಥಟ್ಟನೆ ಶುರುವಾಗಿ ಥಟ್ಟನೆ ಮುಗಿದರೆ ಕತ್ತರಿ ಬಿದ್ದಿರುವ ಸಾಧ್ಯತೆ ಇದೆ.
* 'ಪುರಾವೆ ಇಲ್ಲ' ಎಂದರೇನು? ಫ್ಯಾಕ್ಟ್ ಚೆಕ್ ವರದಿಗಳಲ್ಲಿ 'ಸುಳ್ಳು', 'ದಾರಿ ತಪ್ಪಿಸುವಂಥದ್ದು', 'ಪುರಾವೆ ಇಲ್ಲ' ಎಂಬ ಪದಗಳಿಗೆ ಬೇರೆ ಬೇರೆ ಅರ್ಥವಿದೆ. ಕರಾಚಿ ವಿಡಿಯೋ ಬೆಂಗಳೂರಿನದ್ದು ಎಂಬುದು ಸುಳ್ಳು. ಬ್ಲೂ ವೇಲ್‌ನಿಂದ ಸಾವು ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ.

ಮಕ್ಕಳ ಜೊತೆ ಮಾತನಾಡುವುದು ಹೇಗೆ?

ಭಯ ಹುಟ್ಟಿಸುವ ಫೋಟೋ ತೋರಿಸಿ 'ಇದನ್ನು ನೋಡಿದ್ದೀಯಾ?' ಎಂದು ಮಕ್ಕಳನ್ನು ಕೇಳಬೇಡಿ. ನೋಡಿರದ ಮಗುವಿಗೂ ಆ ಮುಖದ ಪರಿಚಯವಾಗುತ್ತದೆ. ಹೆಸರು ಹೇಳದೆ 'ಈಚೆಗೆ ಮೊಬೈಲ್‌ನಲ್ಲಿ ಹೆದರಿಕೆ ಆಗುವಂಥದ್ದು ಏನಾದರೂ ಕಂಡಿತಾ?' ಎಂದು ಕೇಳಿ. ಮಗು ಆಗಲೇ ಹೆದರಿದ್ದರೆ ಅದರ ಭಯವನ್ನು ನಗೆಯಾಡದೆ, ಆ ಚಿತ್ರ ಒಬ್ಬ ಕಲಾವಿದ ಮಾಡಿದ ಗೊಂಬೆ ಎಂದು ವಿವರಿಸಿ.

ಹೇಳಿದರೆ ಮೊಬೈಲ್ ಕಿತ್ತುಕೊಳ್ಳುತ್ತಾರೆ ಎಂಬ ಹೆದರಿಕೆ ಇದ್ದರೆ ಮಗು ಬಾಯಿ ಬಿಡುವುದಿಲ್ಲ. ಅಪರಿಚಿತರು ಫೋಟೋ ಕೇಳುವುದು, ಗುಟ್ಟಾಗಿಡು ಎನ್ನುವುದು, ಬ್ಲ್ಯಾಕ್‌ಮೇಲ್ ಮಾಡುವುದು, ಸಹಪಾಠಿಗಳೇ ಗ್ರೂಪ್‌ನಲ್ಲಿ ಕಾಡಿಸುವುದು ಇವು ನಿಜವಾದ ಅಪಾಯಗಳು. ಇಂಥದ್ದು ನಡೆದಾಗ ಮಗು ಮೊದಲು ಮನೆಯವರಿಗೆ ಹೇಳುವಂತಿರಬೇಕು. ಶಾಲೆಗಳೂ ಅಷ್ಟೆ, ಪೋಷಕರ ಗ್ರೂಪ್‌ಗೆ ಸಂದೇಶ ಹಾಕುವ ಮುನ್ನ ಸ್ಥಳೀಯ ಠಾಣೆಯಲ್ಲಿ ವಿಚಾರಿಸುವುದು ಒಳ್ಳೆಯದು.

ಮಗು ಊಟ, ನಿದ್ದೆ ಬಿಟ್ಟಿದ್ದರೆ, ಸದಾ ಮಂಕಾಗಿದ್ದರೆ, ಸಾಯುವ ಮಾತಾಡಿದರೆ ಯಾವ ಗೇಮ್ ಎಂದು ಮೊಬೈಲ್ ಹುಡುಕುತ್ತಾ ಕೂರಬೇಡಿ. ತಕ್ಷಣ ನೆರವು ಪಡೆಯಿರಿ.

ಯಾರನ್ನು ಸಂಪರ್ಕಿಸಬೇಕು?

* ಮಕ್ಕಳ ಸಹಾಯವಾಣಿ: 1098
* ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್: 14416. ಕನ್ನಡ ಸೇರಿದಂತೆ ಹಲವು ಭಾಷೆಗಳಲ್ಲಿ ಮಾತನಾಡಬಹುದು.
* ತುರ್ತು ನೆರವು: 112
* ಆನ್‌ಲೈನ್‌ನಲ್ಲಿ ಮಕ್ಕಳಿಗೆ ಕಿರುಕುಳ, ಬ್ಲ್ಯಾಕ್‌ಮೇಲ್ ನಡೆದರೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ದೂರು ಕೊಡುವವರೆಗೆ ಚಾಟ್ ಅಳಿಸದೆ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.
* ಮೊಬೈಲ್, ಗೇಮ್ ಗೀಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 'ಶಟ್' ಹೆಸರಿನ ಪ್ರತ್ಯೇಕ ಕ್ಲಿನಿಕ್ ಇದೆ.