ಶಿಕ್ಷಕರ ಡಿಜಿಟಲ್ ಕೌಶಲ್ಯ: ಅಳುಕು ಮತ್ತು ಅಭ್ಯಾಸ

ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆಯು 2017ರ ಸೆಪ್ಟೆಂಬರ್ 5ರಂದು ಆರಂಭಗೊಂಡಿತು. ಕೋವಿಡ್ ನಿಮಿತ್ತ ಶಾಲೆಗಳು ಮುಚ್ಚಲ್ಪಟ್ಟಿದ್ದ 2020ರ ಅಕ್ಟೋಬರ್‌ನಿಂದ ನಿಷ್ಠಾ ತರಬೇತಿಯನ್ನೂ ಶಿಕ್ಷಕರಿಗೆ ಇದರ ಮೂಲಕ ಆನ್‌ಲೈನ್‌ನಲ್ಲಿ ನೀಡಲಾಯಿತು.

ಬೋಧನೆಯಲ್ಲಿ ನುರಿತ ಹಿರಿಯ ಶಿಕ್ಷಕರೂ ಗಣಕಯಂತ್ರದ ಮುಂದೆ ಅಳುಕುವುದುಂಟು. ವಿದ್ಯಾರ್ಥಿಗಳೆದುರು ತಪ್ಪಾದೀತೆಂಬ ಸಂಕೋಚವೇ ಅನೇಕ ವೇಳೆ ಇದಕ್ಕೆ ಕಾರಣ. ಇದನ್ನು ಅಸಾಮರ್ಥ್ಯವೆಂದು ಪರಿಗಣಿಸತಕ್ಕದ್ದಲ್ಲ. ಆದರೆ ಸಂಕೋಚದಿಂದ ಲಾಗಿನ್ ವಿವರಗಳನ್ನು ಸಹೋದ್ಯೋಗಿಗೆ ಕೊಟ್ಟು ಕೋರ್ಸ್ ಪೂರ್ಣಗೊಳಿಸಿದಲ್ಲಿ ಪ್ರಮಾಣಪತ್ರ ದೊರೆಯಬಹುದೇ ಹೊರತು ಕೌಶಲ್ಯವಲ್ಲ. ಸಹೋದ್ಯೋಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೀಲಿಮಣೆಯನ್ನು ಶಿಕ್ಷಕರು ಸ್ವತಃ ಬಳಸುವುದು ಸೂಕ್ತ.

ಮೊದಲಿಗೆ ಪಠ್ಯಪುಸ್ತಕದಲ್ಲಿ ಮುದ್ರಿತವಾದ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ, ಹಲವು ವರ್ಷಗಳಿಂದ ಬೋಧಿಸಿದ ಪಾಠವೊಂದನ್ನು ತೆರೆಯಬಹುದು. ವಿಷಯವು ಪರಿಚಿತವಾದುದರಿಂದ ಗಮನವನ್ನು ಉಪಕರಣದ ಮೇಲೆ ಇರಿಸಲು ಸಾಧ್ಯವಾಗುತ್ತದೆ.